ಪಾಟೀಸವಾಲಿಲ್ಲದ ಮಾತು

ನಮ್ಮೂರಿನಲ್ಲಿ ಕೋರ್ಟಿಗೆ ಹೋಗಲು ಜನ ಹೆದರುವುದಿಲ್ಲ. ತಾವು ಇಲ್ಲದಿರುವಾಗ ಅಲ್ಲಿ ತಮ್ಮ ಹೆಸರು ಬಂದರೇನು ಗತಿ ಎಂದು ಹೆದರುತ್ತಾರೆ. ಅದಕ್ಕೇ ಪ್ರತಿ ಬೀದಿಯವರೂ ಒಬ್ಬರನ್ನು ಅಲ್ಲಿ ಕೂರಿಸುತ್ತಾರೆ. ನಮ್ಮನ್ನು ಬೀದಿಯ ಕಿವಿ ಎನ್ನುತ್ತಾರೆ. ನಾನು ಕಂಬಳಿ ಬೀದಿಯ ಕಿವಿ, ಹೆಸರು ಹಾಲಮ್ಮ. ಬೆಳಿಗ್ಗೆ ಜವಾನ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುವುದು, ಸಂಜೆ ಜಡ್ಜ್ ಸಾಹೇಬರು ಎದ್ದ ಮೇಲೆ ಏಳುವುದು, ನಡುವೆ ತೂಕಡಿಸದಿರುವುದು, ಇಷ್ಟೇ ಕೆಲಸ. ಬೀದಿಯ ಮನೆಯವರು ಸರದಿಯ ಮೇಲೆ ನನಗೆ ಬುತ್ತಿ ಕಟ್ಟಿಕೊಡುತ್ತಾರೆ. ಕೆಲವು ಮನೆಗಳ ಸಾರು ಬಾಯಿಗೆ ಬಿದ್ದಾಗ ಈ ಮನೆಯನ್ನು ಕಾಯುವುದು ಅಗತ್ಯವೇ ಎಂದು ಅನ್ನಿಸುವುದುಂಟು. ಆದರೂ ಕೂರುತ್ತೇನೆ.

ಸಾಕ್ಷಿಯಾದವನು ಮೊದಲು ತನ್ನನ್ನು ಕರೆಸಿದ ವಕೀಲರು ಕೇಳಿದ್ದಕ್ಕೆ ಉತ್ತರ ಹೇಳುತ್ತಾನೆ. ಆಮೇಲೆ ಎದುರು ಕಡೆಯ ವಕೀಲರು ಪಾಟೀಸವಾಲಿಗೆ ಏಳುತ್ತಾರೆ. ಈ ಎರಡನೆಯವರು ಯಾವ ಮಾತನ್ನು ಅಲ್ಲಗಳೆಯದೆ ಬಿಟ್ಟರೋ ಆ ಮಾತನ್ನು ಒಪ್ಪಿಕೊಂಡಂತೆ. ಎಲ್ಲ ಊರಿನ ಕೋರ್ಟಿನಲ್ಲೂ ಈ ನಿಯಮ ಇದೆಯಂತೆ. ಬೇರೆ ಊರುಗಳಲ್ಲಿ ಅದು ಕಾಗದದಲ್ಲೇ ಉಳಿಯುತ್ತದೆ, ನಮ್ಮಲ್ಲಿ ಹಾಗೆ ಬಿಟ್ಟ ಮಾತು ಆಗಿನಿಂದಲೇ ಊರಿನಲ್ಲಿ ನಿಜವಾಗತೊಡಗುತ್ತದೆ, ಸಾಕ್ಷಿ ರುಜು ಹಾಕಿದ ಮೇಲೆ ಕಾಯಂ ಆಗುತ್ತದೆ. ಹಿಂದೊಮ್ಮೆ ದನದ ಜಗಳದಲ್ಲಿ ಸಾಕ್ಷಿಯೊಬ್ಬ ಗಡಿಯಾರದ ಗೋಪುರ ಸಂತೆಪೇಟೆಯ ಪಡುವಣಕ್ಕಿದೆ ಎಂದ. ಊಟ ಮುಗಿಸಿ ಬಂದಿದ್ದ ವಕೀಲರು ಬರೀ ದನದ ಬಗ್ಗೆ ಕೇಳಿ ಕೂತುಬಿಟ್ಟರು. ಅವತ್ತಿನಿಂದ ಗೋಪುರ ಪಡುವಣಕ್ಕೇ ಇದೆ. ಮೊದಲು ಅದರ ನೆರಳಿನಲ್ಲಿ ಕೂರುತ್ತಿದ್ದ ಹೂವಿನವರು ಈಗ ಗೋಣಿತಾಟು ಕಟ್ಟಿಕೊಂಡಿದ್ದಾರೆ. ಕುಂಬಾರ ಓಣಿಯ ಕೊನೆಯ ಮನೆ ಹಳದಿ ಎಂದು ಇನ್ಯಾರೋ ಹೇಳಿದ್ದರು. ಆ ಮನೆಯವರು ಎಷ್ಟು ಬಿಳಿ ಸುಣ್ಣ ಬಳಿದರೂ ಬೆಳಗಾಗುವುದರೊಳಗೆ ಹಳದಿಯಾಗುತ್ತದೆ. ಈಗ ಬಳಿಯುವುದನ್ನೇ ಬಿಟ್ಟಿದ್ದಾರೆ.

ಹಾಗಾಗಿ ನಮ್ಮೂರ ವಕೀಲರಿಗೆ ಎಲ್ಲವನ್ನೂ ಅಲ್ಲಗಳೆಯುವ ಚಟ. ಹೆಂಡತಿ ಊಟಕ್ಕೆ ಏಳಿ ಎಂದರೂ ಅದು ಸರಿಯಲ್ಲ ಎಂದೇ ಮೊದಲು ಬಾಯಿಗೆ ಬರುತ್ತದಂತೆ. ಅವರ ಕಣ್ಣು ತಪ್ಪಿದ್ದನ್ನು ಹಿಡಿಯಲು ನಾವಿದ್ದೇವೆ. ನಮ್ಮ ಬೀದಿಯ ಮಾತು ಬಂದರೆ ಕೆಮ್ಮುತ್ತೇವೆ. ವಕೀಲರು ತಿರುಗಿ ನೋಡುತ್ತಾರೆ. ಇನ್ನೂ ತಿಳಿಯದಿದ್ದರೆ ಎದ್ದು ಹೋಗಿ ಅವರ ಕರೀ ಕೋಟಿನ ತೋಳು ಮುಟ್ಟಿ ಕಿವಿಯಲ್ಲಿ ಹೇಳುತ್ತೇವೆ. ಅವರು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ. ಇಷ್ಟು ದಿನ ಯಾವ ವಕೀಲರೂ ಇಲ್ಲ ಎಂದವರಲ್ಲ.

ಆದರೆ ಯಾವ ಕಿವಿಯೂ ಕಟಕಟೆ ಹತ್ತುವುದಿಲ್ಲ. ಪಾಟೀಸವಾಲು ಮಾಡುವವರಿಗೆ ಉತ್ತರವನ್ನು ತಾವೇ ಪ್ರಶ್ನೆಯೊಳಗಿಟ್ಟು ಕೇಳುವ ಹಕ್ಕಿದೆ. ಹೀಗೆ ನಡೆಯಿತು, ಅಲ್ಲವೇ ಎಂದು ಕೇಳುತ್ತಾರೆ. ಅಲ್ಲ ಎನ್ನದಿದ್ದರೆ ಅದೂ ನಡೆದಂತೆಯೇ. ಪಾತ್ರೆ ಅಂಗಡಿಯ ರುದ್ರಪ್ಪನನ್ನು ಒಬ್ಬ ವಕೀಲರು ನಿಮ್ಮ ಎಡಗಾಲು ಗಿಡ್ಡ, ಅಷ್ಟು ಬೇಗ ಅಲ್ಲಿಗೆ ಹೇಗೆ ಹೋದಿರಿ ಎಂದು ಕೇಳಿದರು. ಅವನು ಗಾಬರಿಯಲ್ಲಿ ಇರಬಹುದು ಎಂದ. ಸಂಜೆ ಕುಂಟುತ್ತಾ ಮನೆಗೆ ಹೋದ. ಇವತ್ತಿಗೂ ಅವನು ಅಂಗಡಿಯ ಮುಂದೆ ಒಂದು ಚಪ್ಪಲಿಗೆ ದಪ್ಪ ಅಟ್ಟೆ ಹೊಡೆಸಿಕೊಂಡು ನಿಂತಿರುತ್ತಾನೆ. ಅವನನ್ನು ಕಂಡಾಗೆಲ್ಲ, ಇಂಥ ಮಾತು ನನ್ನಿಂದ ಬಾರದಿರಲಿ ಎಂದು ನಾನು ನನ್ನ ಬಾಯಿ ಒರೆಸಿಕೊಳ್ಳುತ್ತೇನೆ.

ಆ ದಿನ ಇದ್ದದ್ದು ಮಂಡಕ್ಕಿ ಭಟ್ಟಿಯ ದಾವೆ. ಭಟ್ಟಿ ಕಟ್ಟಿದ ಮುರಿಗೆಪ್ಪ ತೀರಿಕೊಂಡಿದ್ದರು. ಅವರ ಗಂಡುಮಕ್ಕಳು ಪಂಚಾಕ್ಷರಿ ಮತ್ತು ಚಂದ್ರಮೌಳಿ ಪಾಲಿಗಾಗಿ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು. ಮುರಿಗೆಪ್ಪನವರಿಗೆ ಒಬ್ಬ ಮಗಳೂ ಇದ್ದಾಳೆ. ಸರ್ವಮಂಗಳ ಅಂತ, ನಮ್ಮ ಬೀದಿಯಲ್ಲೇ, ನನ್ನ ಮನೆಯ ಎದುರಿನ ಸಂದಿಯಲ್ಲಿ ಇರುತ್ತಾಳೆ. ರವಿಕೆ ಹೊಲಿಯುತ್ತಾಳೆ. ಬಾಯಿ ಬಲು ಜೋರು. ನಲ್ಲಿಯಲ್ಲಿ ನೀರು ಬಂದಾಗ ಅವಳ ಕೊಡ ಮೊದಲು ತುಂಬದಿದ್ದರೆ ಬೀದಿಯವರಿಗೆಲ್ಲ ಕಿವಿ ಮುಚ್ಚಿಕೊಳ್ಳುವ ಗತಿ. ಅವಳು ಪಾಲು ಕೇಳಿದವಳಲ್ಲ. ಮುಂದೆ ಎಂದಾದರೂ ಕೇಳಿಯಾಳು ಎನ್ನುವುದೇ ಅಣ್ಣತಮ್ಮಂದಿರಿಬ್ಬರಿಗೂ ಇದ್ದ ಒಂದೇ ಹೆದರಿಕೆ.

ಪಂಚಾಕ್ಷರಿಯ ವಕೀಲರು ನೀಲಕಂಠಯ್ಯ. ಅವರು ಭಟ್ಟಿಯ ಹಳೆಯ ಗುಮಾಸ್ತ ಓಂಕಾರಪ್ಪನನ್ನು ಸಾಕ್ಷಿಗೆ ಕರೆದರು. ಓಂಕಾರಪ್ಪ ತಣ್ಣಗಿನ ಮನುಷ್ಯ, ಕೈಮುಗಿದು ನಿಂತು ಭಟ್ಟಿಯ ಜಾಗ, ಒಲೆ, ಗಿರಾಕಿಗಳ ಬಗ್ಗೆ ಹೇಳಿದ. ನಡುವೆ, ಎಲ್ಲ ಮಾತಿನಂತೆ ಅದೂ ಒಂದು ಎನ್ನುವ ಹಾಗೆ, ಮುರಿಗೆಪ್ಪನವರಿಗೆ ಇಬ್ಬರು ಗಂಡುಮಕ್ಕಳು, ಬೇರೆ ಸಂತಾನವಿಲ್ಲ ಎಂದ.

ನಾನು ಕೆಮ್ಮಿದೆ. ಚಂದ್ರಮೌಳಿಯ ವಕೀಲರು ಸದಾನಂದ, ಇನ್ನೂ ತಲೆ ನೆರೆಯದ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಅವರು ಪಾಟೀಸವಾಲಿಗೆ ಎದ್ದು ಒಂದೊಂದೇ ಮಾತನ್ನು ಅಲ್ಲಗಳೆದರು. ಒಲೆ ಮೂಡಣಕ್ಕಿಲ್ಲ, ಗೋದಾಮು ಹಿರಿಯ ಮಗ ಕಟ್ಟಿಸಿದ್ದಲ್ಲ, ಹೀಗೆ. ಆ ಒಂದು ಮಾತು ಮಾತ್ರ ಬರಲಿಲ್ಲ. ಮತ್ತೆ ಕೆಮ್ಮಿದೆ. ಎದ್ದು ಹೋಗಿ ತೋಳು ಮುಟ್ಟಿದೆ. ಅವರು ನನ್ನತ್ತ ನೋಡದೆ ತೋಳು ಹಿಂದಕ್ಕೆಳೆದುಕೊಂಡು, ಇಷ್ಟೇ ಸ್ವಾಮಿ, ಬೇರೆ ಪಾಟೀಸವಾಲು ಇಲ್ಲ ಎಂದು ಕೂತರು. ಕಡುವೈರಿಗಳಿಬ್ಬರಿಗೂ ಬೇಕಾದ ಸುಳ್ಳನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ ಎಂದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಬೆಂಚಿನ ಮೇಲಿದ್ದ ಬೇರೆ ಬೀದಿಗಳ ಕಿವಿಗಳು ಬಗ್ಗಿ ತಮ್ಮ ಕಾಲಬೆರಳು ನೋಡಿಕೊಳ್ಳುತ್ತಿದ್ದರು.

ನಮ್ಮ ನ್ಯಾಯಾಧೀಶರು ದಿನದ ಹೇಳಿಕೆಗಳನ್ನೆಲ್ಲ ಸಂಜೆ ಓದಿಸಿ ಒಟ್ಟಿಗೆ ರುಜು ಹಾಕಿಸುತ್ತಾರೆ. ಅಷ್ಟರವರೆಗೆ ಹೊತ್ತಿತ್ತು. ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಸದಾನಂದರನ್ನು ಹಿಡಿದೆ. ಒಂದೇ ಒಂದು ಪ್ರಶ್ನೆ ಕೇಳಿ, ಸರ್ವಮಂಗಳ ಹೆಣ್ಣು ಜೀವ ಎಂದು ಬೇಡಿಕೊಂಡೆ. ಅವರು ಬೇಸರದಿಂದಲೇ ಹೇಳಿದರು, ತಮ್ಮ ಕಕ್ಷಿದಾರನಿಗೆ ಬೇಡದ ಪ್ರಶ್ನೆಯನ್ನು ತಾವು ಕೇಳುವಂತಿಲ್ಲ, ಈ ದಾವೆಯಲ್ಲಿ ಪಕ್ಷಗಾರರಲ್ಲದವರಿಗೆ ಪಾಟೀಸವಾಲಿನ ಹಕ್ಕೂ ಇಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ ನನ್ನನ್ನೇ ಕೇಳಿದರು.

“ಯಾರ ಹೆಸರು ಹೇಳಿದಿರಿ ಹಾಲಮ್ಮ? ಯಾವ ಮಂಗಳ?”

ನಾಟಕವಾಡುತ್ತಿದ್ದಾರೆ ಅಂದುಕೊಂಡೆ. ಅವರ ಮುಖದಲ್ಲಿ ನಾಟಕವಿರಲಿಲ್ಲ. ನಾನು ಓಡಿಹೋಗಿ ಕೋರ್ಟಿನ ಮುಂದೆ ಚಹಾ ಮಾರುವ ಬಾಷಾನಿಗೆ ಸೈಕಲ್ಲಿನಲ್ಲಿ ಹೋಗಿ ಸರ್ವಮಂಗಳಳನ್ನು ಕೂರಿಸಿಕೊಂಡು ಬಾ ಎಂದೆ. ಅವಳ ಹತ್ತಿರ ಮಗಳ ಲಂಗ ಹೊಲಿಸಿದವನು ಅವನು, ಮನೆ ಚೆನ್ನಾಗಿ ಗೊತ್ತು. ಅವನು ಬೆವರು ಒರೆಸಿಕೊಳ್ಳುತ್ತಾ ಒಬ್ಬನೇ ಬಂದ.

“ಆ ಸಂದೀಲಿ ಬರೀ ಗ್ವಾಡೆ ಐತಕ್ಕ. ಬಾಗಿಲೇ ಇಲ್ಲ. ನೀನು ಯಾರನ್ನ ಕರಕಂಬಾ ಅಂದಿದ್ದೆ, ಅದೂ ಮರ್ತೋತು.”

ಬೆಂಚಿಗೆ ಬಂದು ಕೂತೆ. ತೊಡೆಯ ಮೇಲೆ ಬುತ್ತಿ ಡಬ್ಬಿ ಇತ್ತು. ಅವತ್ತು ಯಾರ ಮನೆಯ ಸರದಿ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬೆಳಿಗ್ಗೆ ಯಾರೋ ಬೈಯುತ್ತಲೇ ಡಬ್ಬಿಯನ್ನು ಕೈಗೆ ಕೊಟ್ಟಿದ್ದರು, ಮುಚ್ಚಳ ಸಡಿಲ, ಓರೆ ಹಿಡೀಬ್ಯಾಡ ಎಂದಿದ್ದರು. ಆ ದನಿ ಇತ್ತು, ಮುಖ ಇರಲಿಲ್ಲ. ಸರ್ವಮಂಗಳ, ಸರ್ವಮಂಗಳ ಎಂದು ನಾಲಿಗೆಯ ಕೆಳಗೆ ಹೇಳಿಕೊಳ್ಳುತ್ತಲೇ ಇದ್ದೆ. ನಡುವೆ ಒಮ್ಮೆ ನಿಲ್ಲಿಸಿದರೆ ಆ ಹೆಸರು ಮತ್ತೆ ಸಿಗುವುದಿಲ್ಲ ಎಂದು ಭಯವಾಯಿತು. ಸಾಹೇಬರು ಬಂದು ಕೂತ ಕೂಡಲೇ ಎದ್ದು ನಿಂತೆ.

“ಸ್ವಾಮಿ, ಮುರಿಗೆಪ್ಪನೋರಿಗೆ ಒಬ್ಬ ಮಗಳದಾಳೆ. ಸರ್ವಮಂಗಳ ಅಂತ. ಯಾರೂ ಕೇಳವಲ್ರು. ನೀವಾದ್ರೂ ಕೇಳ್ರಿ.”

ನ್ಯಾಯಾಧೀಶರು ಹೊರಗಿನವರು, ನಮ್ಮೂರಿಗೆ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. ಬಂದ ಹೊಸತರಲ್ಲಿ ಕಿವಿಗಳನ್ನು ಕಂಡು ನಕ್ಕಿದ್ದರು. ಆಮೇಲೊಂದು ಸಂಜೆ ಮನೆಗೆ ಹೋಗಿ ಏನನ್ನು ನೋಡಿದರೋ, ಮರುದಿನದಿಂದ ನಗುವುದನ್ನು ಬಿಟ್ಟರು. ಅವರು ನನ್ನನ್ನು ಗದರಿಸಿ ಕೂರಿಸಲಿಲ್ಲ. ನೀವು ಪಕ್ಷಗಾರರಲ್ಲ, ನಿಮಗೆ ಪ್ರಶ್ನೆ ಕೇಳುವ ಹಕ್ಕಿಲ್ಲ ಎಂದರು. ಆದರೆ ನ್ಯಾಯಾಲಯ ಯಾವಾಗ ಬೇಕಾದರೂ ಯಾರನ್ನು ಬೇಕಾದರೂ ಕೇಳಬಹುದು ಎಂದು ಓಂಕಾರಪ್ಪನನ್ನು ಮತ್ತೆ ನಿಲ್ಲಿಸಿ, ಬೇರೆ ಸಂತಾನ ಇಲ್ಲವೇ ಎಂದು ಕೇಳಿದರು. ಇಲ್ಲ ಸ್ವಾಮಿ ಎಂದ ಆ ಪುಣ್ಯಾತ್ಮ. ಇಬ್ಬರು ವಕೀಲರೂ ತಲೆ ತಗ್ಗಿಸಿ ಕೂತಿದ್ದರು. ನ್ಯಾಯಾಧೀಶರೇ ಕೇಳಿದ್ದರಿಂದ ಸುಳ್ಳು ಇನ್ನಷ್ಟು ಗಟ್ಟಿಯಾಯಿತು. ನನ್ನ ಬಾಯಲ್ಲಿದ್ದ ಹೆಸರಿನ ಮೊದಲ ಅಕ್ಷರ ಒಂದು ಕ್ಷಣ ಜಾರಿತು.

“ಒಂದು ದಾರಿ ಇದೆ,” ಎಂದರು ನ್ಯಾಯಾಧೀಶರು. “ನಿಮ್ಮನ್ನು ನಾನೇ ನ್ಯಾಯಾಲಯದ ಸಾಕ್ಷಿಯಾಗಿ ಕರೆಯಬಹುದು. ಆದರೆ ಆಗ ಇಬ್ಬರು ವಕೀಲರಿಗೂ ನಿಮ್ಮನ್ನು ಪಾಟೀಸವಾಲು ಮಾಡುವ ಹಕ್ಕು ಬರುತ್ತದೆ. ಯೋಚನೆ ಮಾಡಿ ಹೇಳಮ್ಮ.”

ಯೋಚಿಸಲು ಏನಿತ್ತು. ರುದ್ರಪ್ಪನ ದಪ್ಪ ಅಟ್ಟೆ ಕಣ್ಣಮುಂದೆ ಬಂತು. ಎಷ್ಟೋ ಜನ ಗಟ್ಟಿಗರು ಆ ಕಟಕಟೆ ಹತ್ತಿ, ಇಳಿಯುವಾಗ ಬೇರೆ ಯಾರೋ ಆಗಿ ಇಳಿದದ್ದನ್ನು ಬೆಂಚಿನ ಮೇಲೆ ಕೂತೇ ನೋಡಿದವಳು ನಾನು. ಇನ್ನು ಸ್ವಲ್ಪ ಹೊತ್ತು ಕೂತರೆ ಯಾತಕ್ಕೆ ಎದ್ದೆ ಎನ್ನುವುದೂ ಮರೆತುಹೋಗುತ್ತದೆ ಎಂದು ಗೊತ್ತಿತ್ತು. ಮರೆತರೆ ಹೆದರಿಕೆಯೂ ಹೋಗುತ್ತದೆ, ಸುಖವಾಗಿ ಮನೆಗೆ ಹೋಗಿ ಉಣ್ಣಬಹುದು ಎಂದೂ ಅನ್ನಿಸಿತು. ಆ ಯೋಚನೆ ಬಂದದ್ದೇ ತಡ, ಕಟಕಟೆ ಹತ್ತಿಬಿಟ್ಟೆ.

ಪ್ರಮಾಣ ಮಾಡಿಸಿದ ಮೇಲೆ ನ್ಯಾಯಾಧೀಶರು, ಆಕೆ ಮುರಿಗೆಪ್ಪನವರ ಮಗಳು ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ಒಂದೇ ರೀತಿಯಲ್ಲಿ. ಹೇಳಿದೆ. ನನ್ನ ಮಗ ಕೊಟ್ರೇಶ ಎರಡನೇ ಕ್ಲಾಸಿನಲ್ಲಿದ್ದಾಗ ಕೆರೆಗೆ ಈಜಲು ಹೋಗಿ ಮುಳುಗಿಹೋದ. ಅವತ್ತು ಮುರಿಗೆಪ್ಪನವರು ಭಟ್ಟಿ ನಿಲ್ಲಿಸಿ ನಮ್ಮ ಮನೆಗೆ ಬಂದರು. ಜೊತೆಯಲ್ಲಿ ಇನ್ನೂ ಲಂಗ ದಾವಣಿಯಲ್ಲಿದ್ದ ಹುಡುಗಿಯನ್ನು ಕರೆತಂದಿದ್ದರು. ಇವಳು ನನ್ನ ಮಗಳು ಸರ್ವಮಂಗಳ, ನೀನು ಒಬ್ಬಳೇ ಇರಬ್ಯಾಡ, ಇವಳು ನಿನ್ನ ಜೊತೆ ಇರ್ಲಿ ಎಂದರು. ಅವಳು ತಿಂಗಳುಗಟ್ಟಲೆ ನನ್ನ ಜೊತೆ ಮಲಗಿದಳು. ನಾನು ಎದ್ದು ಕೆರೆಯ ಕಡೆ ಹೋದಾಗೆಲ್ಲ ಹಿಂದೆ ಬಂದು ಸೆರಗು ಹಿಡಿದು, ಅವತ್ತೇ ಅಷ್ಟು ಜೋರಾಗಿದ್ದ ಬಾಯಿಂದ ಬೈದು ಬೈದು ಮನೆಗೆ ಎಳೆದು ತರುತ್ತಿದ್ದಳು. ಇದನ್ನು ಹೇಳುತ್ತಾ ಹೋದಂತೆ ಅವಳ ಮುಖ ನನಗೆ ಮತ್ತೆ ಕಾಣಿಸಿತು. ಮೂಗಿನ ಮೇಲಿನ ಮಚ್ಚೆಯೂ ಕಾಣಿಸಿತು.

ನೀಲಕಂಠಯ್ಯನವರು ಮೊದಲು ಎದ್ದರು. ನಿಮ್ಮ ಎಡಗಿವಿ ಕೇಳಿಸುವುದಿಲ್ಲ ಅಲ್ಲವೇ ಎಂದರು. ಸರಿಯಲ್ಲ ಎಂದೆ. ಸಂಜೆಯಾದರೆ ಕಣ್ಣು ಮಂಜಾಗುತ್ತದೆ. ಸರಿಯಲ್ಲ. ಮಗ ಹೋದ ಮೇಲೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ. ಸರಿಯಲ್ಲ. ಒಂದೊಂದು ಪ್ರಶ್ನೆಗೂ ಆ ಅಂಗ ನನ್ನ ಮೈಯಲ್ಲಿ ಒಂದು ಗಳಿಗೆ ಸಡಿಲವಾದಂತಾಗಿ, ಸರಿಯಲ್ಲ ಎಂದ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ಎಡಗಿವಿಯ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಫ್ಯಾನಿನ ಸದ್ದು ಒಂದೇ ಕಡೆಯಿಂದ ಬರುತ್ತಿತ್ತು. ಬುತ್ತಿಯ ಆಸೆಗೆ ಸುಳ್ಳು ಹೇಳುವ ಹೆಂಗಸು ನೀವು ಎಂದು ಅವರು ಹೊರಟಾಗ ನ್ಯಾಯಾಧೀಶರು, ಸಾಕ್ಷಿಯನ್ನು ಅವಮಾನಿಸುವ ಪ್ರಶ್ನೆಗೆ ಅವಕಾಶವಿಲ್ಲ ಎಂದು ತಡೆದರು. ಅವರು ಬೆವರೊರೆಸಿಕೊಂಡು ಕೂತರು. ಗೆದ್ದೆ ಅಂದುಕೊಂಡೆ. ಒಳಗೊಂದು ಹಮ್ಮು ಬಂದಿತ್ತು.

ಆಮೇಲೆ ಸದಾನಂದರು ಎದ್ದರು. ಹತ್ತಿರ ಬಂದು ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಹಾಲಮ್ಮನವರೇ, ಅವತ್ತು ನಿಮ್ಮ ಮಗ ಮುಳುಗಲಿಲ್ಲ. ಈಜಿ ದಡಕ್ಕೆ ಬಂದ. ಬೆಳೆದ. ಈಗಲೂ ನಿಮ್ಮ ಮನೆಯಲ್ಲಿ ನಿಮ್ಮ ಜೊತೆಗೇ ಇದ್ದಾನೆ. ಸರಿ ಅಲ್ಲವೇ?”

ಅವನು ಮುಳುಗದಿದ್ದರೆ ಮುರಿಗೆಪ್ಪನವರು ನನ್ನ ಮನೆಗೆ ಬರಲಿಲ್ಲ. ಅವರು ಬರದಿದ್ದರೆ ನನ್ನ ಸಾಕ್ಷಿಯಲ್ಲಿ ಮಗಳೂ ಇಲ್ಲ. ಅದು ಸದಾನಂದರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸತ್ತವರ ಮಾತು ಬಂದಾಗ ಯಾವ ಬೀದಿಯವರೇ ಆಗಲಿ, ಎಲ್ಲ ಕಿವಿಗಳೂ ಒಟ್ಟಿಗೆ ಕೆಮ್ಮಬೇಕು ಎಂಬುದು ನಮ್ಮ ಕಟ್ಟುಪಾಡು. ಇಲ್ಲದಿದ್ದರೆ ನಮ್ಮೂರಿನ ಸ್ಮಶಾನದಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಅವತ್ತು ಒಬ್ಬರೂ ಕೆಮ್ಮಲಿಲ್ಲ. ನನ್ನ ಮೇಲಿನ ಕರುಣೆಯಿಂದ ಸುಮ್ಮನಿದ್ದರು ಎಂದು ಆಮೇಲೆ ಹೇಳಿದರು. ಅಂಥ ಕರುಣೆ ಯಾರಿಗೂ ಬೇಡ.

ನಾನು ಬಾಯಿ ತೆರೆಯಲಿಲ್ಲ. ತೆರೆಯದಿದ್ದರೂ ಒಪ್ಪಿದಂತೆ ಎಂದು ಗೊತ್ತಿತ್ತು, ಆದರೂ ತೆರೆಯಲಿಲ್ಲ. ಆಗ ಜಗಲಿಯಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಎತ್ತರದ ಆಳು, ತೋಳು ಮಡಿಸಿದ ಬಿಳಿ ಅಂಗಿ, ತೀರಿಕೊಂಡ ನನ್ನ ಗಂಡನ ಹಾಗೆ ಎಡಕ್ಕೆ ಸ್ವಲ್ಪ ವಾಲಿದ ಕತ್ತು. ಕೂದಲು ಒದ್ದೆಯಾಗಿತ್ತು. ನನ್ನನ್ನು ಕರೆದುಕೊಂಡು ಹೋಗಲು ಬಂದವನಂತೆ, ಇನ್ನೂ ಎಷ್ಟು ಹೊತ್ತು ಎನ್ನುವಂತೆ ನೋಡುತ್ತಿದ್ದ. ಹುಬ್ಬಿನ ಮೇಲೆ ಅವನು ತೊಟ್ಟಿಲಿನಿಂದ ಬಿದ್ದಾಗ ಆಗಿದ್ದ ಗಾಯದ ಗುರುತಿತ್ತು. ಅದನ್ನು ನಾನು ಯಾವ ವಕೀಲರಿಗೂ ಹೇಳಿರಲಿಲ್ಲ.

ನನಗೆ ಹುಚ್ಚು ಆಸೆಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸರ್ವಮಂಗಳ ಎನ್ನುವವಳು ಇದ್ದಳು ಎಂದು ಸಂಜೆಯ ಮೇಲೆ ನನಗೂ ಗೊತ್ತಿರುವುದಿಲ್ಲ, ಪಾಪ ಎನ್ನಲೂ ಯಾರೂ ಇರುವುದಿಲ್ಲ. ಈ ಹುಡುಗನಿಗೆ ಅಕ್ಕಿ ರೊಟ್ಟಿ ತಟ್ಟುತ್ತಾ ಇರುತ್ತೇನೆ. ಅವಳ ಮುಖ ಆಗಲೇ ಮಸುಕಾಗುತ್ತಿತ್ತು. ಮಚ್ಚೆ ಹೋಯಿತು. ಕೊನೆಗೆ ಸೆರಗನ್ನು ಹಿಡಿದೆಳೆದ ಕೈಯೊಂದು ಉಳಿದಿತ್ತು. ಅದು ಯಾರ ಕೈ ಎಂದು ನನಗೆ ಮರೆತುಹೋಗಿತ್ತು. ಬಲವಾಗಿ ಎಳೆಯುತ್ತಿತ್ತು ಎನ್ನುವುದಷ್ಟೇ ಗೊತ್ತಿತ್ತು.

ಉತ್ತರ ಹೇಳಮ್ಮ ಎಂದರು ನ್ಯಾಯಾಧೀಶರು.

“ಸರಿಯಲ್ಲ,” ಎಂದೆ. ಬಾಗಿಲ ಕಡೆ ನೋಡುತ್ತಲೇ ಹೇಳಿದೆ. ಬೇರೆಲ್ಲೋ ನೋಡಿ ಹೇಳುವುದು ಹೇಡಿತನ ಅನ್ನಿಸಿತು. ಅವನಿಗೆ ಕೇಳಿಸಿತು. ಏನವ್ವ ಎನ್ನುವಂತೆ ಹುಬ್ಬೆತ್ತಿದ.

ಸದಾನಂದರು ಇನ್ನೊಮ್ಮೆ ಯೋಚಿಸಿ ಹೇಳಿ ಎಂದರು. ಇನ್ನೊಮ್ಮೆ ಕೇಳಲಿ ಎಂದು ನನ್ನ ಹೊಟ್ಟೆಯೂ ಬೇಡುತ್ತಿತ್ತು. ಆದರೆ ನ್ಯಾಯಾಧೀಶರು, ಉತ್ತರ ಬಂದಿದೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ ಎಂದುಬಿಟ್ಟರು. ಬಾಗಿಲಲ್ಲಿ ಬಿಸಿಲು ಮಾತ್ರ ಇತ್ತು.

ನ್ಯಾಯಾಧೀಶರು ನನ್ನ ಉತ್ತರಗಳನ್ನು ವಾಕ್ಯ ಮಾಡಿ ಹೇಳುತ್ತಾ ಹೋದರು, ಬೆರಳಚ್ಚಿನವನು ಹೊಡೆಯುತ್ತಾ ಹೋದ. ಸಂಜೆ ರುಜುವಿನ ಹೊತ್ತಿಗೆ ನನ್ನ ಹೇಳಿಕೆಯನ್ನು ಮೊದಲಿನಿಂದ ಓದಲು ಹೇಳಿದರು. ಅವನು ಹುಡುಗ, ಓದುತ್ತಾ ಓದುತ್ತಾ ಆ ಸಾಲಿನ ಹತ್ತಿರ ಬಂದು ನಿಂತ. ಓದಪ್ಪ ಎಂದೆ ನಾನೇ. ನನ್ನ ಮಗ ಕೊಟ್ರೇಶ ಬದುಕಿದ್ದಾನೆ, ನನ್ನ ಜೊತೆಗೆ ಇದ್ದಾನೆ ಎಂದರೆ ಸರಿಯಲ್ಲ ಎಂದು ಓದಿದ. ಓದಿ ಹೇಳಿದ್ದನ್ನು ಕೇಳಿದಿರಾ, ಸರಿಯಾಗಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಅದನ್ನು ಎಲ್ಲ ಸಾಕ್ಷಿಗಳಿಗೂ ಕೇಳಲೇಬೇಕು, ನಿಯಮ.

“ಸರಿಯಾಗೈತೆ ಸ್ವಾಮಿ,” ಎಂದೆ. ಕೆಳಗೆ ರುಜು ಹಾಕಿದೆ.

ಹೊರಗೆ ಬಂದಾಗ ಸರ್ವಮಂಗಳ ಇಳಿಬಿಸಿಲಲ್ಲಿ ನಿಂತಿದ್ದಳು. ಸೂಜಿ ಇನ್ನೂ ಸೆರಗಿನಲ್ಲೇ ಸಿಕ್ಕಿಕೊಂಡಿತ್ತು. ಮಧ್ಯಾಹ್ನ ಹೊಲಿಯುತ್ತಾ ಕೂತಿದ್ದಾಗ ಯಾಕೋ ತನ್ನ ಕೈಗಳೇ ತನಗೆ ಕಾಣಿಸದಂತಾದವು, ಬಹಳ ಹೆದರಿಕೆಯಾಯಿತು ಎಂದಳು. ಆಮೇಲೆ ನನ್ನ ಮುಖ ನೋಡಿ ಬೈಯಲು ಶುರು ಮಾಡಿದಳು, ದಿನವೆಲ್ಲ ಹೊಟ್ಟೆಗಿಲ್ಲದೆ ಕೂರಲು ನಿನಗೇನು ಬಂದಿದೆ, ಡಬ್ಬಿ ಯಾಕೆ ಹಾಗೇ ಇದೆ ಎಂದು. ನಾನು ಅವಳ ಕೈ ಹಿಡಿದುಕೊಂಡೆ. ಮನೆ ಮುಟ್ಟುವವರೆಗೂ ಅವಳು ಬೈಯುತ್ತಲೇ ಇದ್ದಳು, ನಾನು ಅಳುತ್ತಲೇ ಇದ್ದೆ. ದಾರಿಯುದ್ದಕ್ಕೂ ನಾನು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.